ಬಡತನ ಮರಳಿನಿಂದ ಬಂದದ್ದಲ್ಲ

ಆಫ್ರಿಕಾ ಖಂಡದೊಳಗೆ, ನಾಲ್ಕು ದಿಕ್ಕಿಗೂ ಸಮುದ್ರವಿಲ್ಲದ ನೈಜರ್ ಎಂಬ ದೇಶವಿದೆ. ವಿಸ್ತಾರ 12 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಬಹುಭಾಗ ಸಹಾರಾ ಮರುಭೂಮಿ. ದಕ್ಷಿಣದ ಅಂಚಿನಲ್ಲಿ ಸಜ್ಜೆ ಬೆಳೆಯುವ ಹೌಸಾ ಮತ್ತು ಜರ್ಮಾ ರೈತರು, ದನಗಳ ಹಿಂದೆ ಅಲೆಯುವ ಫುಲಾನಿಗಳು, ಉತ್ತರದ ಮರಳಿನಲ್ಲಿ ಟುವಾರೆಗರು, ಪೂರ್ವದಲ್ಲಿ ಕಾನೂರಿಗಳು ಮತ್ತು ತೂಬೂಗಳು. ಈ ದೇಶ ಬಡವಾಗಿರುವುದೇಕೆಂದು ಕೇಳಿದರೆ, ನೆಲ ಮರಳು, ಜನ ನಾನಾ ಪಂಗಡ ಎಂದು ಹೇಳಿ ಕೈತೊಳೆದುಕೊಳ್ಳುವವರು ಬಹಳ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಆ ಮರಳಿನ ಅಡಿಯಲ್ಲಿ ಯುರೇನಿಯಂ ಇದೆ. ಅರ್ಲಿಟ್‌ನಲ್ಲಿ 1971ರಿಂದ ಫ್ರೆಂಚ್ ಬಂಡವಾಳ ಅದನ್ನು ಅಗೆದು ತೆಗೆಯಿತು. ಅದಿರು ಫ್ರಾನ್ಸಿನ ಅಣುವಿದ್ಯುತ್ ಸ್ಥಾವರಗಳಿಗೆ ಹೋಯಿತು. ನೈಜರಿನ ಬಹುಪಾಲು ಮನೆಗಳಿಗೆ ಇಂದಿಗೂ ವಿದ್ಯುದ್ದೀಪವಿಲ್ಲ. ಅಲ್ಲಿನ ಇನ್ನೊಂದು ಗಣಿ 2021ರಲ್ಲಿ ಮುಚ್ಚಿದಾಗ ಸುಮಾರು 2 ಕೋಟಿ ಟನ್ ವಿಕಿರಣದ ಕಸ ಊರಿನ ಬಳಿ ಉಳಿಯಿತು. ಲಾಭ ಕಡಲಾಚೆಗೆ, ಕಸ ಗಣಿ ಕಾರ್ಮಿಕನ ಮನೆ ಬಾಗಿಲಿಗೆ! 2007ರಲ್ಲಿ ಟುವಾರೆಗರು ದಂಗೆಯೆದ್ದಾಗ ಈ ಆದಾಯದಲ್ಲಿ ಪಾಲು ಕೇಳಿದರು. ಅದನ್ನು ಬರಿಯ ಪಂಗಡದ ಜಗಳವೆನ್ನುವುದು ಹೇಗೆ?

ಪಂಗಡಗಳನ್ನು ಮೀರಿ ಜನ ಒಂದಾಗಲು ಹೊರಟದ್ದೂ ಉಂಟು. ಕಾರ್ಮಿಕ ಸಂಘಗಳಲ್ಲಿ ಬೆಳೆದ ಜಿಬೋ ಬಕಾರಿಯವರು ಪಶ್ಚಿಮದ ನಿಯಾಮೆ ಕಡೆಯವರು. ಅವರ ಪಕ್ಷದ ಹೆಸರು 'ಸವಾಬಾ' ಹೌಸಾ ಭಾಷೆಯದು. ಕೂಲಿಗಳೂ ಸಣ್ಣ ವ್ಯಾಪಾರಿಗಳೂ ಅದರ ಬೆನ್ನೆಲುಬಾಗಿದ್ದರು. 1958ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ, ಫ್ರಾನ್ಸಿನ ನೆರಳಿನಲ್ಲಿರಲು ಒಲ್ಲೆವೆಂದು ಬಕಾರಿ ಕರೆಕೊಟ್ಟರು. ವಸಾಹತು ಆಡಳಿತ ತನ್ನ ಬಲವನ್ನೆಲ್ಲ ಅವರ ಮೇಲೆ ಪ್ರಯೋಗಿಸಿತು. 1959ರಲ್ಲಿ ಪಕ್ಷ ನಿಷೇಧವಾಯಿತು. 1960ರ ಆಗಸ್ಟ್ 3ರಂದು ಸ್ವಾತಂತ್ರ್ಯ ಬಂದಾಗ ಅದನ್ನು ಮೊದಲು ಕೇಳಿದವರು ದೇಶದ ಹೊರಗಿದ್ದರು ಇಲ್ಲವೆ ಬಾಯಿ ಕಟ್ಟಿಸಿಕೊಂಡಿದ್ದರು.

ಸಮುದ್ರವಿಲ್ಲದ ನಾಡಿನ ಕುತ್ತಿಗೆ ನೆರೆಯವರ ಕೈಯಲ್ಲಿರುತ್ತದೆ. 2023ರ ಜುಲೈಯಲ್ಲಿ ಸೈನ್ಯವು ಚುನಾಯಿತ ಅಧ್ಯಕ್ಷ ಬಜೂಮರನ್ನು ಇಳಿಸಿದಾಗ ಪಶ್ಚಿಮ ಆಫ್ರಿಕಾದ ಒಕ್ಕೂಟ ದಿಗ್ಬಂಧನ ಹಾಕಿತು. ಬೆನಿನ್ ದೇಶದ ಕೊಟೊನೂ ಬಂದರಿನಿಂದ ಬರುವ ಸರಕು ಗಡಿಯಲ್ಲಿ ನಿಂತಿತು. ನೈಜೀರಿಯಾ ವಿದ್ಯುತ್ತನ್ನು ಕಡಿದುಹಾಕಿತು. 2024ರ ಫೆಬ್ರವರಿಯವರೆಗೆ ಇದೇ ಸ್ಥಿತಿ. ಲಾರಿ ಬಾರದಿದ್ದರೆ ಅಕ್ಕಿಯ ಧಾರಣೆ ಏನಾಗುತ್ತದೆ, ಚಿಲ್ಲರೆ ಅಂಗಡಿಯ ಗತಿಯೇನು ಎಂಬುದನ್ನು ನಮ್ಮ ಪೇಟೆಯವರಿಗೆ ಹೇಳಿಕೊಡಬೇಕಾಗಿಲ್ಲ. ದಂಡನೆ ಸೇನಾಪತಿಗಳಿಗೆಂದರು, ಉಪವಾಸ ಬಿದ್ದವರು ಬಡವರು.

2025ರ ಜೂನಿನಲ್ಲಿ ಸೇನಾ ಸರಕಾರ ಅರ್ಲಿಟ್ ಗಣಿಯನ್ನು ರಾಷ್ಟ್ರೀಕರಿಸುವುದಾಗಿ ಸಾರಿತು. ದೇಶದ ಸಂಪತ್ತು ದೇಶಕ್ಕೆ ಸೇರಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸರಕಾರ ಅದೇ ವರ್ಷದ ಮಾರ್ಚಿಯಲ್ಲಿ ರಾಜಕೀಯ ಪಕ್ಷಗಳನ್ನೆಲ್ಲ ವಿಸರ್ಜಿಸಿತ್ತು. 1959ರಲ್ಲಿ ಒಂದು ಪಕ್ಷದ ಬಾಯಿ ಮುಚ್ಚಿಸಿದರು. ಈಗ ಎಲ್ಲ ಪಕ್ಷಗಳದೂ. ಗಣಿ ಸರಕಾರದ್ದಾಗಿ, ಸರಕಾರ ಬಂದೂಕಿನದ್ದಾದರೆ ಕಾರ್ಮಿಕನಿಗೆ ಧಣಿ ಬದಲಾದಂತಾಯಿತೇ ಹೊರತು ಬಿಡುಗಡೆಯಾದಂತಲ್ಲ. ಲೆಕ್ಕ ಕೇಳುವ ಹಕ್ಕಿಲ್ಲದ ರಾಷ್ಟ್ರೀಕರಣ ಸಮಾಜವಾದವಲ್ಲ. ಗಣಿಯೂ ಮತವೂ ಎರಡೂ ಜನರ ಕೈಗೆ ಬರಬೇಕು. ಹೌಸಾ, ಜರ್ಮಾ, ಟುವಾರೆಗ್ ದುಡಿಮೆಗಾರರು ಅದಕ್ಕಾಗಿ ಒಂದಾಗುವ ದಿನಕ್ಕೆ ನಮ್ಮ ಬೆಂಬಲವಿದೆ.