ಅಕಾಲನಿವೃತ್ತಿಯ ಪುರಾಣ

ದೊಡ್ಡ ಪದವಿಯಲ್ಲಿದ್ದವರೊಬ್ಬರು ಅದನ್ನು ಬಿಟ್ಟಾಗಲೋ, ಲೋಕವನ್ನೇ ಬಿಟ್ಟಾಗಲೋ, ಅವರೊಡನೆ ದುಡಿದವರು ಕಲೆತು ಹಳೆಯ ನೆನಪುಗಳನ್ನು ಹೇಳಿಕೊಳ್ಳುವುದು ಸಭ್ಯವಾದ ಪದ್ಧತಿ. ಅದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ಸಾಫ್ಟ್‌ವೇರ್ ಉದ್ಯಮದ ಧುರೀಣರ ವಿಷಯದಲ್ಲಿ ಈ ನೆನಪುಗಳು ಈಚೀಚೆಗೆ ಒಂದು ಹೊಸ ಪುರಾಣವಾಗಿ ಬೆಳೆದಿವೆ. ಪುರಾಣಕ್ಕೆ ಪಂಚಲಕ್ಷಣಗಳಿದ್ದರೆ ಇದಕ್ಕೆ ಮೂರೇ ಸಾಕು. ನಾಯಕನು ಬಾಲ್ಯದಲ್ಲಿಯೇ ಅಸಾಮಾನ್ಯನಾಗಿರಬೇಕು. ಒಂದು ಕೆಲಸವನ್ನು ಬಿಟ್ಟು ಮತ್ತೊಂದಕ್ಕೆ ಹಾರಿದಾಗಲೆಲ್ಲ ದೂರದೃಷ್ಟಿಯಿಂದಲೇ ಹಾರಿರಬೇಕು. ಓರಗೆಯವರೆಲ್ಲ ಇನ್ನೂ ಮೇಜಿಗೆ ಅಂಟಿಕೊಂಡಿರುವ ವಯಸ್ಸಿನಲ್ಲಿ ಅವನೊಬ್ಬನು "ಇನ್ನು ಸಾಕು" ಎಂದು ಎದ್ದುಬಿಡಬೇಕು. ಆ "ಸಾಕು" ಎಂಬ ಮಾತಿಗೆ ಸಹೋದ್ಯೋಗಿಗಳು ಕೊಡುವ ಹೆಸರು ವಿವೇಕ. ಕೇಳುವ ನಮ್ಮ ಜನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ವೈರಾಗ್ಯವೆನ್ನುತ್ತಾರೆ.

ಈ ಪುರಾಣ ಸುಳ್ಳೆಂಬುದು ನಮ್ಮ ಪಕ್ಷ. ಅದರಲ್ಲಿ ಬರುವ ಸಂಗತಿಗಳು ಬಹುಮಟ್ಟಿಗೆ ನಿಜವೇ ಆಗಿರಬಹುದು. ಆ ಸಂಗತಿಗಳಿಗೆ ಕಟ್ಟುವ ಕಾರ್ಯಕಾರಣಸಂಬಂಧ ಸುಳ್ಳು.

ಮಾತು ಗಾಳಿಯಲ್ಲಿ ಹೋಗಬಾರದು. ಎಲ್ಲರೂ ಬಲ್ಲ ಒಂದು ಜೀವನವನ್ನೇ ಎತ್ತಿಕೊಳ್ಳೋಣ. ಮೈಕ್ರೋಸಾಫ್ಟ್ ಕಂಪೆನಿಯನ್ನು ಬಿಲ್ ಗೇಟ್ಸ್ ಅವರೊಡನೆ ಕೂಡಿ ಸ್ಥಾಪಿಸಿದ ಪಾಲ್ ಆಲೆನ್ ಅವರು ಹುಟ್ಟಿದ್ದು ೧೯೫೩ರಲ್ಲಿ. ಕಂಪೆನಿಯ ಕೆಲಸವನ್ನು ಬಿಟ್ಟದ್ದು ೧೯೮೩ರ ಫೆಬ್ರವರಿಯಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ. ಇದಕ್ಕಿಂತ ಅಕಾಲದ ನಿವೃತ್ತಿ ಇನ್ನೊಂದುಂಟೆ? ೨೦೧೮ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಹಳೆಯ ಜೊತೆಗಾರರು ಆಡಿದ ಮಾತುಗಳಲ್ಲಿ ಸ್ನೇಹವಿತ್ತು, ಗೌರವವಿತ್ತು. ಆಲೆನ್ ಇಲ್ಲದಿದ್ದರೆ ಮನೆಮನೆಯ ಕಂಪ್ಯೂಟರೆಂಬುದೇ ಇರುತ್ತಿರಲಿಲ್ಲವೆಂದು ಗೇಟ್ಸ್ ಅವರೇ ಹೇಳಿದರು. ಇದೆಲ್ಲ ಉಚಿತವೇ. ಆದರೆ ಪತ್ರಿಕೆಯಿಂದ ಪತ್ರಿಕೆಗೆ ಹಾಯುತ್ತ ಬಂದ ಕಥೆಯಲ್ಲಿ ಆಲೆನ್ ಅವರು ಕಾಲೇಜನ್ನು ಬಿಟ್ಟದ್ದೂ, ಬಾಸ್ಟನ್ನಿಗೆ ಹೋದದ್ದೂ, ಅಲ್ಲಿಂದ ಆಲ್ಬುಕರ್ಕಿಗೆ ಹೋದದ್ದೂ, ಕೊನೆಗೆ ಎಲ್ಲವನ್ನೂ ಬಿಟ್ಟದ್ದೂ ಒಂದೇ ದಿವ್ಯದೃಷ್ಟಿಯ ನಾಲ್ಕು ಮೆಟ್ಟಿಲುಗಳಾಗಿ ಕಾಣುತ್ತವೆ.

ನಡೆದದ್ದನ್ನು ನಿಧಾನವಾಗಿ ನೋಡೋಣ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಎರಡು ವರ್ಷಕ್ಕೇ ಬಿಟ್ಟ ಆಲೆನ್ ಅವರು ಬಾಸ್ಟನ್ ಕಡೆಯ ಹನಿವೆಲ್ ಕಂಪೆನಿಯಲ್ಲಿ ಪ್ರೋಗ್ರಾಮು ಬರೆಯುವ ಸಂಬಳದ ಕೆಲಸಕ್ಕೆ ಸೇರಿದ್ದರು. ೧೯೭೫ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಸಂಚಿಕೆಯ ಮುಖಪುಟದಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿನ ಚಿತ್ರವನ್ನು ಕಂಡು, ಹಾರ್ವರ್ಡಿನಲ್ಲಿ ಓದುತ್ತಿದ್ದ ಗೆಳೆಯನಿಗೆ ಅದನ್ನು ತೋರಿಸಿದರು. ಆ ಯಂತ್ರಕ್ಕಾಗಿ ಬೇಸಿಕ್ ಎಂಬ ಭಾಷೆಯನ್ನು ಅಳವಡಿಸಿಕೊಟ್ಟರು. ಇಲ್ಲಿಯವರೆಗೆ ಪುರಾಣಕ್ಕೂ ಚರಿತ್ರೆಗೂ ಭೇದವಿಲ್ಲ. ಮುಂದೆ ಇದೆ. ಆಲ್ಬುಕರ್ಕಿಗೆ ಹೋದ ಆಲೆನ್ ಅವರು ಆ ಯಂತ್ರವನ್ನು ಮಾಡುತ್ತಿದ್ದ ಎಂ.ಐ.ಟಿ.ಎಸ್. ಕಂಪೆನಿಯಲ್ಲಿಯೇ ಸಂಬಳದ ಹುದ್ದೆಯೊಂದನ್ನು ಹಿಡಿದರು. ಬಾಡಿಗೆ ಕಟ್ಟಬೇಕಾದ ಮನುಷ್ಯನು ಮಾಡತಕ್ಕ ಕೆಲಸವೇ ಅದು. ಆದರೆ ಪಾಲು ಹಂಚಿಕೊಳ್ಳುವ ಹೊತ್ತಿಗೆ ಅದೇ ಹುದ್ದೆ ಅವರಿಗೆ ಎದುರಾಯಿತು: ನಿನಗೆ ಸಂಬಳವಿತ್ತು, ಭಾಷೆಯ ಕೆಲಸ ನಾನು ಹೆಚ್ಚು ಮಾಡಿದೆ ಎಂದು ಗೇಟ್ಸ್ ಅವರು ನೂರಕ್ಕೆ ೬೦ನ್ನು ಕೇಳಿದರು, ಸ್ವಲ್ಪ ಕಾಲದ ಮೇಲೆ ಅದು ೬೪-೩೬ ಆಯಿತು. ಆಲೆನ್ ಅವರು ಒಪ್ಪಿಕೊಂಡರು. ನೆನಪಿನ ಸಭೆಗಳಲ್ಲಿ ಈ ೩೬ರ ಮಾತು ಬರುವುದು ಅಪರೂಪ. ದಿವ್ಯದೃಷ್ಟಿಯುಳ್ಳವನು ತನ್ನ ಪಾಲಿನ ವಿಷಯದಲ್ಲಿ ಮಾತ್ರ ಏಕೆ ಅಷ್ಟು ಹ್ರಸ್ವದೃಷ್ಟಿಯವನಾದನೆಂದು ಯಾರಾದರೂ ಕೇಳಿಬಿಟ್ಟರೆ!

ಇನ್ನು ನಿವೃತ್ತಿಯ ಪ್ರಸಂಗ. ೧೯೮೨ರ ಶರತ್ಕಾಲದಲ್ಲಿ ಆಲೆನ್ ಅವರಿಗೆ ಹಾಜ್‌ಕಿನ್ ರೋಗವೆಂಬ ಕ್ಯಾನ್ಸರು ಕಾಣಿಸಿತು. ಚಿಕಿತ್ಸೆ ನಡೆಯುತ್ತಿದ್ದ ಕಾಲದಲ್ಲಿಯೇ, ತಮ್ಮ ಪಾಲನ್ನು ತೆಳ್ಳಗೆ ಮಾಡುವುದು ಹೇಗೆಂದು ಗೇಟ್ಸ್ ಅವರೂ ಸ್ಟೀವ್ ಬಾಲ್ಮರ್ ಅವರೂ ಮಾತಾಡಿಕೊಳ್ಳುತ್ತಿದ್ದುದು ತಮ್ಮ ಕಿವಿಗೆ ಬಿದ್ದಿತೆಂದು ಆಲೆನ್ ಅವರು ೨೦೧೧ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಲವು ಸಂಗತಿಗಳಲ್ಲಿ ತಮ್ಮ ನೆನಪು ಬೇರೆಯಾಗಿರಬಹುದು, ಆದರೂ ಆಲೆನ್ನರ ಸ್ನೇಹ ತಮಗೆ ಅಮೂಲ್ಯವೆಂದು ಗೇಟ್ಸ್ ಅವರು ಅದಕ್ಕೆ ಉತ್ತರ ಕೊಟ್ಟರು. ಇಬ್ಬರಲ್ಲಿ ಯಾರ ನೆನಪು ಸರಿಯೆಂದು ತೀರ್ಪು ಕೊಡಲು ನಾವು ನ್ಯಾಯಾಧಿಪತಿಗಳಲ್ಲ. ನಾವು ಹೇಳುವುದಿಷ್ಟೆ: ಹೊರಟವರ ಬಾಯಿಂದಲೇ ಬಂದ ಕಾರಣಗಳು ರೋಗ ಮತ್ತು ಮನಸ್ಸಿಗಾದ ಗಾಯ. ರೋಗಿಯೊಬ್ಬನ ನೋವನ್ನು ಜ್ಞಾನಿಯೊಬ್ಬನ ಶಾಂತಿಯೆಂದು ವರ್ಣಿಸುವುದು ಅವನಿಗೆ ಮಾಡುವ ಗೌರವವೆ? ತನ್ನ ಕಥೆಯನ್ನು ತಾನೇ ಬರೆದಿಟ್ಟು ಹೋದ ಮನುಷ್ಯನ ಕೈಯಿಂದ ಆ ಕಥೆಯನ್ನು ಕಿತ್ತುಕೊಂಡು, ಅದಕ್ಕಿಂತ ಚೆಲುವಾದುದನ್ನು ಅವನ ಹೆಸರಿನಲ್ಲಿ ಹೇಳುವುದಕ್ಕೆ ನಮಗೆ ಅಧಿಕಾರವೆಲ್ಲಿಂದ ಬಂದಿತು?

ಕಥೆಯ ಕೀಲಿರುವುದು ಇದರ ಮುಂದಿನ ಸಂಗತಿಯಲ್ಲಿ. ಬಿಟ್ಟುಹೋಗುವವರ ಷೇರುಗಳನ್ನು ಒಂದಕ್ಕೆ ೫ ಡಾಲರಿನಂತೆ ಕೊಳ್ಳುವೆನೆಂದು ಗೇಟ್ಸ್ ಅವರು ಹೇಳಿದರಂತೆ. ೧೦ ಡಾಲರಿಗೆ ಕಡಮೆಯಾದರೆ ಕೊಡಲಾರೆನೆಂದು ಆಲೆನ್ ಅವರು ಹಟಹಿಡಿದರಂತೆ. ವ್ಯಾಪಾರ ಕುದುರಲಿಲ್ಲ. ಷೇರುಗಳು ಆಲೆನ್ ಅವರಲ್ಲಿಯೇ ಉಳಿದುವು. ೧೯೮೬ರ ಮಾರ್ಚಿಯಲ್ಲಿ ಕಂಪೆನಿಯ ಷೇರುಗಳು ೨೧ ಡಾಲರಿನಂತೆ ಪೇಟೆಗೆ ಬಂದುವು. ಆಮೇಲಿನದು ಜಗತ್ತಿಗೇ ಗೊತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ ಆಯಿತು. ಒಬ್ಬರು ಐದರಿಂದ ಏಳಕ್ಕೆ ಏರಿ, ಇನ್ನೊಬ್ಬರು ಹತ್ತರಿಂದ ಏಳಕ್ಕೆ ಇಳಿದು, ಸಂತೆಯಲ್ಲಿ ಎತ್ತು ಕೊಳ್ಳುವವರಂತೆ ಟವಲಿನ ಮರೆಯಲ್ಲಿ ಬೆರಳು ಹಿಡಿದು ಒಪ್ಪಿಬಿಟ್ಟಿದ್ದರೆ? ಆಲೆನ್ ಅವರ ಬುದ್ಧಿ ಒಂದು ಕೂದಲೆಳೆಯಷ್ಟೂ ಕಡಮೆಯಾಗುತ್ತಿರಲಿಲ್ಲ. ಬೇಸಿಕ್ ಅವರದೇ, ಐ.ಬಿ.ಎಂ. ಕಂಪೆನಿಗೆ ಬೇಕಾಗಿದ್ದ ಡಾಸ್‌ಗೆ ಮೂಲವಾದುದನ್ನು ಸಿಯಾಟಲಿನ ಸಣ್ಣ ಕಂಪೆನಿಯೊಂದರಲ್ಲಿ ಗುರುತಿಸಿ, ೧೯೮೧ರಲ್ಲಿ ೫೦,೦೦೦ ಡಾಲರಿಗೆ ಅದರ ಪೂರ್ತಿ ಹಕ್ಕು ಕೈಗೆ ಬರುವಂತೆ ಮಾಡಿದ ಚಾತುರ್ಯವೂ ಅವರದೇ. ಆದರೆ ೨೦೦೩ರ ಮಿದುಳುಸಂಶೋಧನಾ ಸಂಸ್ಥೆಯಾಗಲಿ, ೨೦೦೪ರಲ್ಲಿ ಆಕಾಶದ ಅಂಚನ್ನು ಮುಟ್ಟಿಬಂದ ಸ್ಪೇಸ್‌ಷಿಪ್‌ಒನ್ ವಿಮಾನವಾಗಲಿ, ೨೦೧೫ರಲ್ಲಿ ಕಡಲ ತಳದಲ್ಲಿ ಪತ್ತೆಯಾದ ಜಪಾನಿನ ಮುಸಾಷಿ ಯುದ್ಧನೌಕೆಯಾಗಲಿ ಅವರ ಹೆಸರಿನೊಡನೆ ಬರುತ್ತಿರಲಿಲ್ಲ. ಮೂವತ್ತರಲ್ಲಿಯೇ "ಸಾಕು" ಎಂದ ಜ್ಞಾನಿಯೆಂದು ಯಾರೂ ಹೊಗಳುತ್ತಲೂ ಇರಲಿಲ್ಲ. ದುಡುಕಿ ಬಿಟ್ಟುಹೋದ ಪಾಪದವನೆಂದು ನಿಟ್ಟುಸಿರಿಡುತ್ತಿದ್ದರು. ಅದೇ ಮನುಷ್ಯ, ಅದೇ ದಿನ, ಅದೇ ಬಾಗಿಲು! ಫಲವನ್ನು ನೋಡಿಕೊಂಡು ಬಂದು ಗುಣವನ್ನು ನಿರ್ಣಯಿಸುವ ಇದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ. ಗೆದ್ದೆತ್ತಿನ ಬಾಲ ಹಿಡಿಯುವುದು.

ಸಿಯಾಟಲಿನವರ ಜಗಳ ನಮಗೇಕೆನ್ನುವವರು ಇನ್‌ಫೋಸಿಸ್ ಕಂಪೆನಿಯನ್ನು ನೋಡಲಿ. ೧೯೮೧ರಲ್ಲಿ ಪುಣೆಯಲ್ಲಿ ಏಳು ಮಂದಿ ಕೂಡಿ ಅದನ್ನು ತೊಡಗಿದರು; ೧೯೮೩ರಲ್ಲಿ ಅದು ಬೆಂಗಳೂರಿಗೆ ಬಂದಿತು. ಏಳು ಮಂದಿಯಲ್ಲೊಬ್ಬರಾದ ಅಶೋಕ ಅರೋರಾ ಅವರು ೧೯೮೯ರಲ್ಲಿ ತಮ್ಮ ಪಾಲನ್ನು ಉಳಿದವರಿಗೆ ಬಿಟ್ಟುಕೊಟ್ಟು ಅಮೆರಿಕಕ್ಕೆ ಹೋದರು. ಮರುವರ್ಷವೇ ಇಡೀ ಕಂಪೆನಿಯನ್ನು ೧೦ ಲಕ್ಷ ಡಾಲರಿಗೆ ಕೊಳ್ಳುವೆವೆಂಬ ಕರೆ ಬಂದಾಗ, ಜೊತೆಯವರು ಮಾರುವುದರ ಕಡೆಗೇ ವಾಲಿದ್ದರೆಂದು ನಾರಾಯಣಮೂರ್ತಿಯವರೇ ೨೦೦೭ರಲ್ಲಿ ನ್ಯೂಯಾರ್ಕಿನ ಭಾಷಣವೊಂದರಲ್ಲಿ ನೆನೆದುಕೊಂಡಿದ್ದಾರೆ. ೧೯೯೩ರಲ್ಲಿ ಷೇರುಗಳು ೯೫ ರೂಪಾಯಿಯಂತೆ ಪೇಟೆಗೆ ಬಂದಾಗ ಎಲ್ಲವನ್ನೂ ಕೊಳ್ಳುವಷ್ಟು ಜನವೂ ಮುಂದೆ ಬರಲಿಲ್ಲ. ಎಂದ ಮೇಲೆ, ೧೯೮೯ರಲ್ಲಿ ಮುಂದಿನದನ್ನು ಕಾಣದಿದ್ದುದು ಒಬ್ಬರ ಕಣ್ಣಿನ ದೋಷವಲ್ಲ. ಕಾಣುವಂತಹುದು ಅಲ್ಲಿ ಏನೂ ಇರಲಿಲ್ಲ. ಎನ್. ಎಸ್. ರಾಘವನ್ ಅವರು ಜಂಟಿ ವ್ಯವಸ್ಥಾಪಕ ನಿರ್ದೇಶಕರ ಪದವಿಯಿಂದ ೨೦೦೦ದಲ್ಲಿ ನಿವೃತ್ತರಾದರು, ಬೆಂಗಳೂರಿನ ಐ.ಐ.ಎಂ.ನಲ್ಲಿ ಹೊಸ ಉದ್ಯಮಿಗಳನ್ನು ಬೆಳೆಸುವ ಕೇಂದ್ರವೊಂದು ಅವರ ಹೆಸರನ್ನು ಹೊತ್ತಿದೆ. ಮೆಚ್ಚಬೇಕಾದ ಕೆಲಸ, ಮೆಚ್ಚುತ್ತೇವೆ. ಆದರೆ ಹನ್ನೊಂದು ವರ್ಷಗಳ ಅಂತರದಲ್ಲಿ ಒಂದೇ ಮನೆಯಿಂದ ಹೊರಟ ಇಬ್ಬರಲ್ಲಿ ಒಬ್ಬರನ್ನು ವಿವೇಕಿಯೆಂದೂ ಇನ್ನೊಬ್ಬರನ್ನು ದುರದೃಷ್ಟಶಾಲಿಯೆಂದೂ ನಮ್ಮ ಜಗುಲಿಗಳಲ್ಲಿ ಆಡಿಕೊಳ್ಳುವುದುಂಟಲ್ಲ, ಆ ಮಾತು ಇಬ್ಬರಿಗೂ ಸಲ್ಲುವುದಿಲ್ಲ.

ಬರಿಯ ಇತಿಹಾಸದ ತಪ್ಪಾಗಿದ್ದರೆ ಇದನ್ನು ಇಷ್ಟು ದೂರ ಎಳೆಯಬೇಕಾಗಿರಲಿಲ್ಲ. ಈ ಪುರಾಣ ವಿದ್ಯಾವಂತರ ಮನೆಗಳಲ್ಲಿ ಉಪದೇಶವಾಗಿ ನಡೆಯುತ್ತಿದೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನು ಮೊದಲನೆಯ ವರ್ಷದಲ್ಲಿಯೇ ಕೊನೆಯ ವರ್ಷದ ಲೆಕ್ಕ ಹಾಕುತ್ತಾನೆ. ನಲವತ್ತಕ್ಕೆ ಬಿಡುತ್ತೇನೆ, ತಪ್ಪಿದರೆ ನಲವತ್ತೈದಕ್ಕೆ ಬಿಡುತ್ತೇನೆ ಎನ್ನುತ್ತಾನೆ. ತಂದೆತಾಯಿಗಳೂ ಅದನ್ನು ಹೆಮ್ಮೆಯಿಂದ ನೆರೆಯವರಿಗೆ ಹೇಳುತ್ತಾರೆ. ಎರಡು ವರ್ಷಕ್ಕೊಂದು ಕಂಪೆನಿಯನ್ನು ಬದಲಾಯಿಸಿದರೆ ಅದೂ ಮಹಾಪುರುಷರ ಲಕ್ಷಣವೇ! ಆದರೆ ಪುರಾಣದ ನಾಯಕನಿಗಿದ್ದುದು ಪಾಲು. ಈ ಹುಡುಗನಿಗಿರುವುದು ಸಂಬಳ. ಪಾಲುದಾರನು ಮನೆಯಲ್ಲಿ ಮಲಗಿದ್ದರೂ ಅವನ ಪಾಲಿನ ಪರವಾಗಿ ಸಾವಿರಾರು ಮಂದಿ ಹಗಲಿರುಳು ದುಡಿಯುತ್ತಿರುತ್ತಾರೆ. ಸಂಬಳಗಾರನು ಎದ್ದುಹೋದ ದಿನ ಅವನ ಕುರ್ಚಿ ಇನ್ನೊಬ್ಬನದು, ಮುಂದಿನ ತಿಂಗಳಿನ ಹಣವೂ ಇನ್ನೊಬ್ಬನದು. ಇಬ್ಬರ ನಿರ್ಗಮನಕ್ಕೂ ನಿವೃತ್ತಿಯೆಂಬ ಒಂದೇ ಶಬ್ದವನ್ನು ಬಳಸಿ ನಾವು ಮಕ್ಕಳನ್ನು ದಾರಿತಪ್ಪಿಸುತ್ತಿದ್ದೇವೆ.

ವೈರಾಗ್ಯದ ಮಾತನ್ನಂತೂ ಕೈಬಿಡುವುದೇ ಒಳ್ಳೆಯದು. ನಮ್ಮ ಹಿರಿಯರು ವಾನಪ್ರಸ್ಥವನ್ನು ಹೇಳಿದಾಗ ಕಾಡಿಗೆ ಹೋಗುವವನು ಆಸ್ತಿಯ ಪತ್ರಗಳನ್ನೂ ಕಂಕುಳಲ್ಲಿ ಇರುಕಿಕೊಂಡು ಹೋಗಲಿ ಎಂದಿರಲಿಲ್ಲ. ಆಲೆನ್ ಅವರು ಕೆಲಸವನ್ನು ಬಿಟ್ಟ ಮೇಲೂ ೨೦೦೦ದವರೆಗೆ ಕಂಪೆನಿಯ ನಿರ್ದೇಶಕಮಂಡಲಿಯಲ್ಲಿದ್ದರು. ಅದು ತಪ್ಪೆನ್ನುತ್ತಿಲ್ಲ, ಹಕ್ಕು ಅವರದು. ಹಣವನ್ನು ಅವರು ಧಾರಾಳವಾಗಿ ಕೊಟ್ಟರು, ಧಾರಾಳವಾಗಿ ಕಳೆದುಕೊಂಡರು ಕೂಡ. ಚಾರ್ಟರ್ ಎಂಬ ಕೇಬಲ್ ಕಂಪೆನಿಯಲ್ಲಿ ಹೋದದ್ದು ಕಡಮೆಯಲ್ಲ. ಹಾಗೆ ಎಡೆಬಿಡದೆ ದುಡಿದು, ಕೊಂಡು, ಕಟ್ಟಿ, ಹುಡುಕಿದ ಮನುಷ್ಯನನ್ನು ನಿವೃತ್ತನೆನ್ನುವುದೇ ಒಂದು ತಮಾಷೆ.

ನೆನಪು ಹೇಳುವವರನ್ನು ನಾವು ಕೇಳುವುದು ಹೆಚ್ಚೇನಲ್ಲ. ಹೋದವರು ಎಷ್ಟು ಪಾಲನ್ನು ಹಿಡಿದು ಹೋದರು, ಯಾರೊಡನೆ ಮನಸ್ಸು ಮುರಿದು ಹೋದರು, ಅವರ ಕೆಲಸವನ್ನು ಮರುದಿನ ಯಾರು ಹೊತ್ತರು, ಇವನ್ನೂ ಹೇಳಲಿ. ಆಲ್ಟೇರಿನ ಬೇಸಿಕ್‌ನಲ್ಲಿ ಗಣಿತದ ಭಾಗವನ್ನು ಬರೆದವರು ಹಾರ್ವರ್ಡಿನ ಮತ್ತೊಬ್ಬ ವಿದ್ಯಾರ್ಥಿ, ಮಾಂಟಿ ಡೇವಿಡಾಫ್. ಡಾಸ್‌ನ ಮೂಲವನ್ನು ಬರೆದವರು ಟಿಮ್ ಪ್ಯಾಟರ್ಸನ್. ಇವರ ಹೆಸರುಗಳು ಎಷ್ಟು ಸಭೆಗಳಲ್ಲಿ ಕೇಳಿಬಂದುವು? ೨೦೨೫ರಲ್ಲಿ ಗೇಟ್ಸ್ ಅವರು ತಮ್ಮ ಆತ್ಮಕಥೆಯ ಮೊದಲ ಸಂಪುಟವನ್ನು ಹೊರತಂದಿದ್ದಾರೆ. ಅದು ಬಾಲ್ಯದಿಂದ ಹೊರಟು ಕಂಪೆನಿಯ ಮೊದಲ ವರ್ಷಗಳಿಗೆ ಬಂದು, ೧೯೮೩ ಇನ್ನೂ ದೂರದಲ್ಲಿರುವಾಗಲೇ ನಿಲ್ಲುತ್ತದೆ. ಮುಂದಿನ ಸಂಪುಟ ಮೈಕ್ರೋಸಾಫ್ಟಿನದೇ ಎಂದು ಹೇಳಿದ್ದಾರೆ. ಅದು ಬಂದಾಗ ಆ ಐದು ಡಾಲರಿನ ಪ್ರಸಂಗಕ್ಕೆ ಎಷ್ಟು ಪುಟಗಳು ಸಿಕ್ಕಿವೆಯೆಂದು ನೋಡುವ ಕುತೂಹಲ ನಮಗಿದೆ.