ಭಿನ್ನಾಭಿಪ್ರಾಯಕ್ಕೆ ಬಹಿಷ್ಕಾರವೇ? ಗರ್ಭಪಾತ, ಪರಮಪ್ರಸಾದ ಮತ್ತು ಧರ್ಮಸಭೆಯ ಶಿಸ್ತು

ಅಮೆರಿಕದ ಇಲಿನಾಯ್ ರಾಜ್ಯದ ಸೆನೆಟರ್ ಡಿಕ್ ಡರ್ಬಿನ್ ಕಥೊಲಿಕರು. ವಲಸಿಗರ ಪರವಾದ ದೀರ್ಘ ದುಡಿಮೆಗಾಗಿ ಅವರನ್ನು ಗೌರವಿಸಲು ಶಿಕಾಗೊ ಮಹಾಧರ್ಮಪ್ರಾಂತ್ಯವು 2025ರಲ್ಲಿ ಮುಂದಾಯಿತು. ಆದರೆ ಗರ್ಭಪಾತದ ಹಕ್ಕನ್ನು ಬೆಂಬಲಿಸುತ್ತಾ ಬಂದ ಇದೇ ಡರ್ಬಿನ್ ಅವರಿಗೆ ಅವರ ಸ್ವಂತ ಧರ್ಮಪ್ರಾಂತ್ಯವಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 2004ರಿಂದ ಪರಮಪ್ರಸಾದ ನೀಡುತ್ತಿಲ್ಲ. ಅಲ್ಲಿನ ಧರ್ಮಾಧ್ಯಕ್ಷರು ಮತ್ತು ಇತರ ಕೆಲವರು ಆಕ್ಷೇಪಿಸಿದರು. ಕೊನೆಗೆ ಡರ್ಬಿನ್ ಅವರೇ ಪ್ರಶಸ್ತಿ ಬೇಡವೆಂದರು. ಒಂದೇ ರಾಜ್ಯ, ಒಂದೇ ವಿಶ್ವಾಸ. ಒಂದೆಡೆ ಸನ್ಮಾನ, ಮತ್ತೊಂದೆಡೆ ನಿರಾಕರಣೆ. ಜನಸಾಮಾನ್ಯರು ಗೊಂದಲಕ್ಕೊಳಗಾದರೆ ಆಶ್ಚರ್ಯವೇನು?

ಗೊಂದಲ ಬೋಧನೆಯಲ್ಲಿಲ್ಲ. ನೇರ ಗರ್ಭಪಾತವು ನಿರಪರಾಧಿ ಮಾನವ ಜೀವದ ಹತ್ಯೆ ಎಂಬುದು ಧರ್ಮಸಭೆಯ ಅಚಲ ಬೋಧನೆ. 1995ರಲ್ಲಿ ದ್ವಿತೀಯ ಜಾನ್ ಪೌಲರು ತಮ್ಮ ವಿಶ್ವಪತ್ರದಲ್ಲಿ ಇದನ್ನು ಮತ್ತೊಮ್ಮೆ ಸಾರಿದರು. ಪ್ರಶ್ನೆ ಇರುವುದು, ಈ ಬೋಧನೆಯನ್ನು ಒಪ್ಪದ ಸದಸ್ಯರೊಂದಿಗೆ ಧರ್ಮಸಭೆ ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿ.

ಇಲ್ಲಿ ಮೂರು ಬಗೆಯ ಜನರನ್ನು ನಾವು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯವರು ಗರ್ಭಪಾತ ಮಾಡಿಸಿಕೊಂಡವರು ಮತ್ತು ಮಾಡಿದವರು. 2021ರಲ್ಲಿ ಪರಿಷ್ಕರಣೆಗೊಂಡ ಧರ್ಮಸಭೆಯ ಕಾನೂನಿನ 1397ನೇ ವಿಧಿ ಅನ್ವಯಿಸುವುದು ಇವರಿಗೆ. ಯಾರ ಘೋಷಣೆಗೂ ಕಾಯದೆ ಬಹಿಷ್ಕಾರ ತಾನಾಗಿಯೇ ತಗಲುತ್ತದೆ. ಆದರೆ 16 ವರ್ಷ ತುಂಬದವರಿಗೆ ಆ ದಂಡನೆ ಇಲ್ಲ. ತೀವ್ರ ಭಯ, ಒತ್ತಡಗಳಿಗೆ ಸಿಲುಕಿದವರ ವಿಷಯದಲ್ಲೂ ಕಾನೂನು ಕಠಿಣವಾಗಿಲ್ಲ. ಎರಡನೆಯವರು ಗರ್ಭಪಾತಕ್ಕೆ ಅವಕಾಶ ನೀಡುವ ಕಾನೂನಿಗಾಗಿ ಬಹಿರಂಗವಾಗಿ ಹೋರಾಡುವ ರಾಜಕಾರಣಿಗಳು. ಇವರ ವಿಷಯದಲ್ಲಿ ಉಲ್ಲೇಖವಾಗುವುದು 915ನೇ ವಿಧಿ: ಬಹಿರಂಗವಾದ ಘೋರ ಪಾಪದಲ್ಲಿ ಹಠದಿಂದ ಮುಂದುವರಿಯುವವರಿಗೆ ಪರಮಪ್ರಸಾದ ಕೊಡತಕ್ಕದ್ದಲ್ಲ. ಮೂರನೆಯವರು ಮನಸ್ಸಿನಲ್ಲಿ ಬೇರೆ ಅಭಿಪ್ರಾಯ ಇಟ್ಟುಕೊಂಡ ಸಾಮಾನ್ಯ ಕ್ರೈಸ್ತರು. ಈ ಎರಡೂ ವಿಧಿಗಳು ಇವರನ್ನು ಕುರಿತದ್ದಲ್ಲ. ಹಾಗೆಂದು ಅವರ ಅಭಿಪ್ರಾಯ ಸರಿಯೆಂದಲ್ಲ. ಅಂತಃಸಾಕ್ಷಿಯನ್ನು ತಿದ್ದಿಕೊಳ್ಳುವ ಹೊಣೆ ಅವರದು, ತಿದ್ದಲು ನೆರವಾಗುವ ಹೊಣೆ ನಮ್ಮದು.

ಆಚರಣೆಯಲ್ಲಿ ಈ ಗೆರೆಗಳು ಕಲಸಿಹೋಗಿವೆ. 1996ರಲ್ಲಿ ನೆಬ್ರಾಸ್ಕಾದ ಲಿಂಕನ್ ಧರ್ಮಾಧ್ಯಕ್ಷ ಬ್ರಸ್ಕೆವಿಟ್ಜ್ ಅವರು 12 ಸಂಘಟನೆಗಳನ್ನು ಹೆಸರಿಸಿ, ತಮ್ಮ ಪ್ರಾಂತ್ಯದವರು ಅವುಗಳ ಸದಸ್ಯತ್ವ ಬಿಡದಿದ್ದರೆ ಬಹಿಷ್ಕಾರವೆಂದರು. ಗರ್ಭಪಾತದ ಹಕ್ಕನ್ನು ಬೆಂಬಲಿಸುವ ಕಥೊಲಿಕ್ ಗುಂಪು ಮಾತ್ರವಲ್ಲ, ಸಂಪ್ರದಾಯವಾದಿ ಸಂತ ಹತ್ತನೇ ಪಿಯುಸ್ ಸಂಘವೂ ಪಟ್ಟಿಯಲ್ಲಿತ್ತು. ಬೇರೆ ಧರ್ಮಪ್ರಾಂತ್ಯಗಳು ಈ ದಾರಿ ಹಿಡಿಯಲಿಲ್ಲ. 2022ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಹಾಧರ್ಮಾಧ್ಯಕ್ಷ ಕಾರ್ಡಿಲಿಯೋನ್ ಅವರು ಸಂಸತ್ತಿನ ಸ್ಪೀಕರ್ ನ್ಯಾನ್ಸಿ ಪೆಲೋಸಿಗೆ ಪರಮಪ್ರಸಾದ ನಿರಾಕರಿಸಿದರು. ಮುಂದಿನ ತಿಂಗಳೇ ಪೋಪ್ ಫ್ರಾನ್ಸಿಸ್ ಅಧ್ಯಕ್ಷತೆಯ ಬಲಿಪೂಜೆಯಲ್ಲಿ, ಸಂತ ಪೇತ್ರರ ಮಹಾದೇವಾಲಯದಲ್ಲಿ ಆಕೆ ಅದನ್ನು ಸ್ವೀಕರಿಸಿದರು.

ಅಮೆರಿಕದ ಧರ್ಮಾಧ್ಯಕ್ಷರೂ ಒಡೆದರು. ಪರಮಪ್ರಸಾದದ ಬಗ್ಗೆ ದಸ್ತಾವೇಜು ಸಿದ್ಧಪಡಿಸುವ ಪ್ರಸ್ತಾವ 2021ರ ಜೂನ್‌ನಲ್ಲಿ 168-55 ಮತಗಳಿಂದ ಗೆದ್ದಿತು. ನವೆಂಬರ್‌ನಲ್ಲಿ ಅಂತಿಮ ಪಠ್ಯಕ್ಕೆ 222 ಮತ ಬಂದವು, ವಿರುದ್ಧ 8 ಮಾತ್ರ. ಕಾರಣ ಸರಳ: ಅದರಲ್ಲಿ ಯಾವ ರಾಜಕಾರಣಿಯ ಹೆಸರೂ ಇರಲಿಲ್ಲ.

ಇನ್ನೊಂದು ಕಹಿ ಸತ್ಯವಿದೆ. ಪ್ಯೂ ಸಂಸ್ಥೆಯ 2024ರ ಸಮೀಕ್ಷೆಯ ಪ್ರಕಾರ ಅಮೆರಿಕದ 10 ಕಥೊಲಿಕರಲ್ಲಿ ಸುಮಾರು 6 ಮಂದಿ, ಎಲ್ಲ ಅಥವಾ ಹೆಚ್ಚಿನ ಸಂದರ್ಭಗಳಲ್ಲಿ ಗರ್ಭಪಾತ ಕಾನೂನುಬದ್ಧವಾಗಿರಲಿ ಎನ್ನುತ್ತಾರೆ. ಇಬ್ಬರು ರಾಜಕಾರಣಿಗಳನ್ನು ಪೀಠದ ಬಳಿಯಿಂದ ಹಿಂದೆ ಕಳುಹಿಸಿದರೆ ಪೀಠಗಳಿಂದಾಚೆ ಬೆಂಚುಗಳಲ್ಲಿ ಕುಳಿತ ಈ ಆರು ಮಂದಿಯ ಮನಸ್ಸು ಬದಲಾಗುವುದೇ? ಬಹುಮತದಿಂದ ಸತ್ಯ ನಿರ್ಧಾರವಾಗದು, ನಿಜ. ಆದರೆ ಧರ್ಮೋಪದೇಶ ಎಲ್ಲಿ ಸೋತಿದೆ ಎಂಬುದನ್ನು ಈ ಅಂಕಿ ತೋರಿಸುತ್ತದೆ.

2004ರಲ್ಲಿ ಆಗಿನ ಕಾರ್ಡಿನಲ್ ರಾಟ್ಜಿಂಗರ್ ಅಮೆರಿಕಕ್ಕೆ ಕಳುಹಿಸಿದ ಟಿಪ್ಪಣಿಯಲ್ಲಿ ಒಂದು ಕ್ರಮವಿತ್ತು: ಮೊದಲು ಗುರು ಆ ವ್ಯಕ್ತಿಯನ್ನು ಭೇಟಿಯಾಗಲಿ, ಬೋಧಿಸಲಿ, ಎಚ್ಚರಿಸಲಿ; ಹಠ ಮುಂದುವರಿದರೆ ಮಾತ್ರ ನಿರಾಕರಣೆ. ನಮ್ಮ ದೃಷ್ಟಿಯಲ್ಲಿ ಈ ಕ್ರಮವೇ ಮುಖ್ಯ. ಶಿಸ್ತು ಬೇಡವೆಂದಲ್ಲ, ಮಾತುಕತೆ ಇಲ್ಲದ ಶಿಸ್ತು ಪತ್ರಿಕೆಗಳ ತಲೆಬರಹವಾಗುತ್ತದೆ, ಮನಪರಿವರ್ತನೆಯಾಗುವುದಿಲ್ಲ. ಡರ್ಬಿನ್ ವಿವಾದದ ವೇಳೆ ಪೋಪ್ ಹದಿನಾಲ್ಕನೇ ಲಿಯೋ, ಗರ್ಭಪಾತ ವಿರೋಧಿಸಿ ಮರಣದಂಡನೆ ಬೆಂಬಲಿಸುವವರು ನಿಜವಾಗಿ ಜೀವಪರರಲ್ಲವೆಂದರು. ಈ ಮಾತು ಎರಡೂ ಪಕ್ಷದವರಿಗೆ ಚುಚ್ಚಬೇಕು.

ನಮ್ಮಲ್ಲಿ 1971ರ ಕಾನೂನು 2021ರಲ್ಲಿ ತಿದ್ದುಪಡಿಯಾಗಿ, ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೂ ಅವಕಾಶವಿದೆ. ಚುನಾವಣೆಗಳಲ್ಲಿ ಇದು ಚರ್ಚೆಯಾಗದಿರಬಹುದು; ಮನೆಗಳಲ್ಲಿ ಮೌನವಾಗಿ ನಡೆಯುತ್ತದೆ. ಆ ಭಾರ ಹೊತ್ತು ಹಿಂದಿನ ಬೆಂಚಿನಲ್ಲಿ ಕೂರುವ ತಾಯಿಗೆ ನಾವು ತಿಳಿಸಬೇಕಾದ ಸಂಗತಿ ಒಂದಿದೆ: 2016ರಿಂದ ಈ ಪಾಪವನ್ನು ಕ್ಷಮಿಸುವ ಅಧಿಕಾರ ಪ್ರತಿಯೊಬ್ಬ ಗುರುವಿಗೂ ಪಾಪನಿವೇದನೆಯಲ್ಲಿ ಇದೆ. ಧರ್ಮಶಿಕ್ಷಕರೇ, ಬಹಿಷ್ಕಾರದ ವಿಧಿಯನ್ನು ಕಲಿಸುವ ದಿನವೇ ಇದನ್ನೂ ಕಲಿಸಿರಿ.