ಕಾಲೇಜು ಮೆಟ್ಟಿಲು ಹತ್ತಿದವರಿಗೂ ಹೆಬ್ಬೆಟ್ಟು!

ಅಜ್ಜ ಹೆಬ್ಬೆಟ್ಟು ಒತ್ತಿದ, ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಒದ್ದಾಡಿ ಸಹಿ ಕಲಿತ. ಮೊಮ್ಮಗ ಕಾಲೇಜು ಸೇರಿದ ಕೂಡಲೇ ಮತ್ತೆ ‘ಹೆಬ್ಬೆಟ್ಟು ಒತ್ತು’ ಅಂತಾರೆ! ಬೆರಳು ಸಾಲದಿದ್ದರೆ ‘ಮುಖ ತೋರಿಸು’ ಅಂತಾರೆ. ಇದಕ್ಕಿಟ್ಟ ಹೆಸರು ಡಿಜಿಟಲ್ ಹಾಜರಿ.

ನಾನು ಬಂಗಾರಪೇಟೆಯಲ್ಲಿ ಪ್ರೆಸ್ ಇಟ್ಟವನು, ಹಾಜರಿ ಪುಸ್ತಕ ಅಚ್ಚು ಹಾಕಿ ಅನ್ನ ತಿಂದವನು. ವ್ಯಾಪಾರ ಹೋಯಿತೆಂದು ಹೊಟ್ಟೆಯುರಿ ಅಂತೀರಾ? ಅನ್ನಿ. ಆದರೆ ಆ ಪುಸ್ತಕಕ್ಕೊಂದು ಗುಣವಿತ್ತು. ತಪ್ಪು ಬಿದ್ದರೆ ಮೇಷ್ಟ್ರು ಹೊಡೆದು ಹಾಕಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕುತ್ತಿದ್ದರು. ತಿದ್ದಿದ್ದು ಯಾರೆಂದು ಎಲ್ಲರಿಗೂ ಕಾಣುತ್ತಿತ್ತು.

ಈಗ? ಮಾರಿಕುಪ್ಪಂ ಗಾಡಿ ಟೇಕಲ್ ಹತ್ತಿರ ಸಿಗ್ನಲ್ ಸಿಗದೆ ನಿಂತರೆ, ಅದರಲ್ಲಿ ಕೂತ ಹುಡುಗಿ ಬೆಂಗಳೂರಿನ ಕಾಲೇಜಿನಲ್ಲಿ ಗೈರು! 2001ರಲ್ಲಿ ಗಣಿಗೆ ಬೀಗ ಬಿದ್ದ ಮೇಲೆ ಕೆಜಿಎಫ್ ಜನರ ಹೊಟ್ಟೆಪಾಡು ಈ ರೈಲನ್ನೇ ನಂಬಿದೆ. ಯಂತ್ರಕ್ಕೆ ಅದು ಗೊತ್ತಾ? ಶೇ. 75 ತುಂಬದಿದ್ದರೆ ಪರೀಕ್ಷೆ ಇಲ್ಲ. ಕೇಳಿದರೆ, ‘ನನ್ನ ಕೈಯಲ್ಲಿ ಏನೂ ಇಲ್ಲಮ್ಮ, ಕಂಪ್ಯೂಟರ್ ಹಾಗೆ ತೋರಿಸ್ತಿದೆ.’ ಮನೆಗೆ ಹೋಗುವ ಮೆಸೇಜೋ, ಇಂಗ್ಲಿಷು! ಓದಿಸಿಕೊಳ್ಳಲು ತಾಯಂದಿರು ನನ್ನ ಪ್ರೆಸ್ಸಿಗೆ ಬರುತ್ತಾರೆ. ಮಗಳು ಎಲ್ಲಿದ್ದಾಳೆಂದು ಕನ್ನಡದ ತಾಯಿಗೆ ಇಂಗ್ಲಿಷಿನಲ್ಲಿ ಹೇಳುವುದು ಯಾವ ನ್ಯಾಯ ಸ್ವಾಮಿ?

ಬೆರಳಿನ ಜಗಳ ಈ ಮಣ್ಣಿಗೆ ಹೊಸದಲ್ಲ. 1930ರ ಏಪ್ರಿಲ್‌ನಲ್ಲಿ ಚಿನ್ನದ ಗಣಿಯ ಬಿಳಿ ದೊರೆಗಳು ಕಾರ್ಮಿಕರ ಬೆರಳಚ್ಚು ದಾಖಲಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಹೆಚ್ಚಿನವರು ತಮಿಳು ಮಾತಾಡುವ ದಲಿತರು. ಮಾತು ಯಾವುದಾದರೇನು, ಆ ಛಲ ಈ ನೆಲದ್ದು. ಬೆರಳು ಕೊಟ್ಟರೆ ಜುಟ್ಟು ಕೊಟ್ಟ ಹಾಗೆ ಎಂದು ಅವರಿಗೆ ತಿಳಿದಿತ್ತು. ಪಿಯುಸಿ, ಡಿಗ್ರಿ ಓದುವ ನಿಮಗೆ?

ಪ್ರಾಕ್ಸಿ ತಡೆಯಲಿಕ್ಕೆ ಅಂತಾರೆ. ಪ್ರಾಕ್ಸಿ ಇದೆ, ಸುಳ್ಳಲ್ಲ. ಆದರೆ ಮಕ್ಕಳ ಮುಖ ಗುರುತಿರುವ ಮೇಷ್ಟ್ರ ಮುಂದೆ ಪ್ರಾಕ್ಸಿ ನಡೆಯುತ್ತಾ? ಸರ್ಕಾರಿ ಕಾಲೇಜುಗಳನ್ನು ಅತಿಥಿ ಉಪನ್ಯಾಸಕರ ಮೇಲೆ ದೂಡುತ್ತಾ, ಮೇಷ್ಟ್ರಿಗೆ ಇಲ್ಲದ ದುಡ್ಡು ಕ್ಯಾಮೆರಾಕ್ಕೆ ಎಲ್ಲಿಂದ ಬರುತ್ತೆ? ಶಾಲೆಗಳನ್ನೂ ಬಿಟ್ಟಿಲ್ಲ. ಮುಖ ನೋಡಿ ಹಾಜರಿ ಹಾಕುವ ‘ನಿರಂತರ’ ಯೋಜನೆಯನ್ನು ಸರ್ಕಾರ 2025ರಲ್ಲಿ ಪ್ರಕಟಿಸಿತು.

ಸ್ವೀಡನ್ನಿನ ಷೆಲೆಫ್ಟಿಯೊ ಊರಿನ ಶಾಲೆಯೊಂದರಲ್ಲಿ 22 ವಿದ್ಯಾರ್ಥಿಗಳ ಮೇಲೆ ಇದೇ ಪ್ರಯೋಗ ನಡೆಯಿತು. 2019ರಲ್ಲಿ ಅಲ್ಲಿನ ಪುರಸಭೆಗೆ 2 ಲಕ್ಷ ಕ್ರೋನರ್ ದಂಡ ಬಿತ್ತು! ಒಪ್ಪಿಗೆ ಪಡೆದಿದ್ದೆವು ಎಂದರೂ ಬಿಡಲಿಲ್ಲ. ಶಾಲೆಯ ಹಂಗಿನಲ್ಲಿರುವವರ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂದರು. ಅಡ್ಮಿಷನ್ ದಿನ ಫಾರಂ ಮುಂದಿಟ್ಟರೆ ನೀವು ‘ಒಲ್ಲೆ’ ಅನ್ನುತ್ತೀರಾ?

ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಹೇಳಿದೆ. ಮೊಕದ್ದಮೆ ಹೂಡಿದ್ದು ಯಾರು ಗೊತ್ತೇ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಇಳಿವಯಸ್ಸಿನ ಕನ್ನಡಿಗ ಗೆದ್ದುಕೊಟ್ಟ ಹಕ್ಕನ್ನು ಇಪ್ಪತ್ತರ ಹುಡುಗರು ಗೇಟಿನಲ್ಲೇ ಒಪ್ಪಿಸಿ ಬರುತ್ತಿದ್ದೀರಿ! ಪಾಸ್‌ವರ್ಡ್ ಕದ್ದರೆ ಬೇರೆ ಇಟ್ಟುಕೊಳ್ಳಬಹುದು. ಹೆಬ್ಬೆಟ್ಟನ್ನು ಎಲ್ಲಿಂದ ತರುತ್ತೀರಿ?

ಪ್ರಿನ್ಸಿಪಾಲರನ್ನು ಕೇಳಿ. ನನ್ನ ಬೆರಳು, ಮುಖ ಯಾವ ಕಂಪನಿಯ ಕೈಯಲ್ಲಿದೆ? ಕಾಲೇಜು ಬಿಟ್ಟ ದಿನ ಅಳಿಸುತ್ತೀರಾ? ಯಂತ್ರ ತಪ್ಪಿದರೆ ತಿದ್ದುವವರು ಯಾರು? ಸರ್ಕಾರಿ ಕಾಲೇಜಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಕನ್ನಡದಲ್ಲೇ ಇರಲಿ. ನಮೂನೆ ಬೇಕಾದವರು ಬಂಗಾರಪೇಟೆಗೆ ಬನ್ನಿ, ಅಚ್ಚು ಹಾಕಿಕೊಡುತ್ತೇನೆ. ಕಾಸು ಬೇಡ.